ಬೀಗವೂ ನಮ್ಮದಲ್ಲ, ಕೀಲಿಕೈಯೂ ನಮ್ಮದಲ್ಲ

ಕಳೆದ ವರ್ಷ ಯುಗಾದಿ ಮುಗಿದ ವಾರ ನಮ್ಮ ಕನ್ನಡ ಸಂಘದ ಕಾರ್ಯದರ್ಶಿಗಳಿಂದ ಫೋನು ಬಂತು. “ನೀವು ಕಂಪ್ಯೂಟರಿನವರಲ್ವೇ, ಒಂದು ಸಣ್ಣ ಕೆಲಸ ಇತ್ತು” ಎಂದರು. ಪುಣೆಯ ಹಿಂಜವಡಿಯಲ್ಲಿ 14 ವರ್ಷ ಸಾಫ್ಟ್‌ವೇರ್ ಬರೆದವನ ಅನುಭವದಿಂದ ಹೇಳುತ್ತೇನೆ, ಸಣ್ಣ ಕೆಲಸ ಎಂದು ಶುರುವಾದದ್ದು ಯಾವುದೂ ಸಣ್ಣದಾಗಿ ಮುಗಿಯುವುದಿಲ್ಲ. ಸಂಘಕ್ಕೆ 50 ತುಂಬುತ್ತಿತ್ತು. ಹಳೆಯ ಸ್ಮರಣ ಸಂಚಿಕೆಗಳಿಂದ ಒಳ್ಳೆಯ ಬರಹಗಳನ್ನು ಆರಿಸಿ ಸುವರ್ಣ ಸಂಪುಟ ತರಬೇಕು, ಸಂಚಿಕೆಗಳನ್ನೆಲ್ಲ ವೆಬ್‌ಸೈಟಿಗೂ ಹಾಕಬೇಕು ಎಂಬುದು ಸಮಿತಿಯ ಆಸೆ. “ಎಲ್ಲ ಸಿಡಿಯಲ್ಲೇ ಇದೆ, ಕಾಪಿ ಮಾಡಿದರೆ ಆಯ್ತು” ಎಂದು ಧೈರ್ಯ ಬೇರೆ ಹೇಳಿದರು.

ಸಂಘದ ಕಚೇರಿಯ ಕಬ್ಬಿಣದ ಬೀರುವಿನಲ್ಲಿ, ನಾಟಕದ ಕಿರೀಟಗಳ ಕೆಳಗೆ, ಒಂದು ಮಿಠಾಯಿ ಡಬ್ಬಿ ಸಿಕ್ಕಿತು. ಅದರಲ್ಲಿ 11 ಸಿಡಿಗಳು. 1999ರಿಂದ 2009ರವರೆಗೆ ವರ್ಷಕ್ಕೊಂದು. ಈಗಿನ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಜಾಗವೇ ಇಲ್ಲವಲ್ಲ. ಸಹೋದ್ಯೋಗಿಯೊಬ್ಬರ ಅಟ್ಟದಿಂದ ಹಳೆಯ ಡ್ರೈವ್ ಇಳಿಸಿ ತಂದೆ. ಫೈಲುಗಳೆಲ್ಲ ಸುರಕ್ಷಿತವಾಗಿ ನಕಲಾದವು. ಗೆದ್ದೆ ಅಂದುಕೊಂಡು 2004ರ ಸಂಚಿಕೆಯ ಒಂದು ಲೇಖನ ತೆರೆದೆ.

ಅಲ್ಲಿ ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ.

“ಕನ್ನಡ” ಎಂಬ ಪದ ಇರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ‘ಪಿ’, ಪಕ್ಕದಲ್ಲಿ ತಲೆಯ ಮೇಲೆ ಸೊಟ್ಟ ಗೆರೆ ಎಳೆದುಕೊಂಡ ಒಂದು ‘ಎ’, ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಸೊಟ್ಟ ಗೆರೆಯ ‘ಎ’. ಇಡೀ ಲೇಖನವೇ ಹೀಗೆ. 2010ಕ್ಕಿಂತ ಮೊದಲು ಕನ್ನಡದಲ್ಲಿ ಟೈಪ್ ಮಾಡಿದವರಿಗೆ ಈ ದೃಶ್ಯ ಹೊಸದಲ್ಲ.

ಅಚ್ಚಾದ ಪ್ರತಿ ಇದ್ದರೆ ಮತ್ತೆ ಟೈಪ್ ಮಾಡಿಸಬಹುದಿತ್ತು. ಆದರೆ ಒಂದು ಮಳೆಗಾಲದಲ್ಲಿ ಉಗ್ರಾಣಕ್ಕೆ ನೀರು ನುಗ್ಗಿ ಐದು ವರ್ಷಗಳ ಸಂಚಿಕೆಗಳು ಮುದ್ದೆಯಾಗಿದ್ದವು. 2004 ಅವುಗಳಲ್ಲಿ ಒಂದು. ಆ ಸಂಚಿಕೆಯಲ್ಲಿ ಒಬ್ಬ ಹಿರಿಯರ ಸಂದರ್ಶನವಿತ್ತು. 1956ರಲ್ಲಿ ಕುಂದಾಪುರದ ಕಡೆಯಿಂದ ಹುಡುಗನಾಗಿ ಪುಣೆಗೆ ಬಂದು, ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ, ಕೊನೆಗೆ ಸ್ವಂತ ಹೋಟೆಲ್ ಇಟ್ಟವರು. ಊರಿನಿಂದ ಯಾರಾದರೂ ಅವಲಕ್ಕಿ, ಹಪ್ಪಳ ಕಟ್ಟಿ ತಂದರೆ ಮೊದಲು ಪೊಟ್ಟಣದ ಕನ್ನಡ ಪೇಪರನ್ನು ಬಿಡಿಸಿ ಓದುತ್ತಿದ್ದೆ, ಆಮೇಲೆ ತಿಂಡಿ, ಎಂದು ಅವರು ಹೇಳಿದ್ದು ಆ ಸಂದರ್ಶನ ಮಾಡಿದ ಸದಸ್ಯರಿಗೆ ಇನ್ನೂ ನೆನಪಿದೆ. ಅವರು ತೀರಿಕೊಂಡು ಹಲವು ವರ್ಷಗಳಾದವು. ಬೆಂಗಳೂರಿನಲ್ಲಿರುವ ಅವರ ಮಗಳು ಎರಡು ಸಲ ಕೇಳಿದ್ದರಂತೆ, “ಅಪ್ಪನ ಆ ಲೇಖನದ ಒಂದು ಪ್ರತಿ ಸಿಗಬಹುದೇ?” ಎಂದು. ಲೇಖನ ನಮ್ಮ ಕೈಯಲ್ಲೇ ಇತ್ತು, ಆದರೆ ಓದಲು ಬರುತ್ತಿರಲಿಲ್ಲ.

ವೇಷ ಕಳಚಿದ ಅಕ್ಷರಗಳು

ಇದು ಯಾಕೆ ಹೀಗಾಯಿತು? ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಎಂದು ಎಲ್ಲರೂ ಒಪ್ಪಿಕೊಂಡರೆ ಮಾತ್ರ ನಾನು ಬರೆದದ್ದನ್ನು ನೀವು ಓದಬಹುದು. 1990ರ ದಶಕದ ಕಂಪ್ಯೂಟರುಗಳು ಇಂಗ್ಲಿಷಿನ ಸಂಖ್ಯೆಗಳನ್ನು ಒಪ್ಪಿಕೊಂಡಿದ್ದವು, ಕನ್ನಡದ್ದನ್ನಲ್ಲ. ನಮ್ಮವರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ವೇಷ ಹಾಕಿದರು. ಫಾಂಟ್ ಎಂಬುದು ಆ ವೇಷ. ಯಕ್ಷಗಾನದಲ್ಲಿ ಕಿರೀಟ, ಬಣ್ಣ ಇರುವವರೆಗೆ ಭೀಮಸೇನ. ಚೌಕಿಗೆ ಹೋಗಿ ಬಣ್ಣ ಒರೆಸಿದರೆ ಪಕ್ಕದ ಮನೆಯವರು. ಹಾಗೆಯೇ ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ‘ಕ’; ಇಲ್ಲದ ಕಂಪ್ಯೂಟರಿನಲ್ಲಿ ‘ಪಿ’.

ಆ ಉಪಾಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಿಲ್ಲದಿದ್ದರೆ ಹತ್ತು ಹದಿನೈದು ವರ್ಷ ಕನ್ನಡದಲ್ಲಿ ಡಿಟಿಪಿಯೇ ಇರುತ್ತಿರಲಿಲ್ಲ. ತೊಂದರೆ ಬಂದದ್ದು ಬೇರೆ ಕಡೆಯಿಂದ. ಯಾವ ಸಂಖ್ಯೆಗೆ ಯಾವ ಕನ್ನಡದ ತುಣುಕು ಎಂಬುದನ್ನು ಒಬ್ಬೊಬ್ಬ ತಯಾರಕರು ಒಂದೊಂದು ರೀತಿ ಇಟ್ಟುಕೊಂಡರು, ಕೆಲವರು ಅದನ್ನು ವ್ಯಾಪಾರದ ಗುಟ್ಟಾಗಿ ಕಾಪಾಡಿಕೊಂಡರು. ಒಂದು ಕಂಪನಿಯ ಫಾಂಟಿನಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲಾಗದು. ಗಿರಾಕಿ ಬಿಟ್ಟುಹೋಗದಂತೆ ಅದೇ ಬೇಲಿ.

ಯೂನಿಕೋಡ್ ಎಂಬ ಸಾರ್ವಜನಿಕ ಒಪ್ಪಂದದಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಸಾಲು ಇದೆ. ಆದರೆ ಸಾಮಾನ್ಯ ಬಳಕೆದಾರರ ಮೇಜಿಗೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ. ಪುಟವಿನ್ಯಾಸದ ತಂತ್ರಾಂಶಗಳಿಗೆ ಅದು ತಲುಪಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಆ ನಡುವಿನ ಕಾಲದ ಕನ್ನಡವೆಲ್ಲ, ಸಂಘಗಳ ಸಂಚಿಕೆ, ಸಣ್ಣ ಪತ್ರಿಕೆ, ಪಿಎಚ್‌ಡಿ ಪ್ರಬಂಧ, ಎಷ್ಟೋ ಜನರ ಅಪ್ಪ ಅಮ್ಮಂದಿರ ಆತ್ಮಕಥೆ, ಹೀಗೆ ವೇಷ ಹಾಕಿಕೊಂಡೇ ಕೂತಿದೆ.

ತೆರೆದ ಒಂಬತ್ತು, ತೆರೆಯದ ಎರಡು

ನಮ್ಮ 11 ಸಂಚಿಕೆಗಳಲ್ಲಿ ಒಂಬತ್ತು, ಕರ್ನಾಟಕದಲ್ಲಿ ಎಲ್ಲರೂ ಬಳಸುತ್ತಿದ್ದ, ಯಾವ ಸಂಖ್ಯೆಗೆ ಯಾವ ಅಕ್ಷರ ಎಂಬುದು ಬಹಿರಂಗವಾಗಿದ್ದ ಫಾಂಟಿನಲ್ಲಿ ಇದ್ದವು. ಆದರೆ ಪುಟಗಳನ್ನು ಜೋಡಿಸಿದ್ದ ತಂತ್ರಾಂಶ ಯಾವತ್ತೋ ನಿಂತುಹೋಗಿತ್ತು. ಅದನ್ನು ಮಾರಿದವರೇ ಈಗ ಅದನ್ನು ಮುಟ್ಟುವುದಿಲ್ಲ.

ಇಲ್ಲಿ ನಮ್ಮ ಕೈ ಹಿಡಿದದ್ದು ಲಿಬ್ರೆಆಫೀಸ್. ದುಡ್ಡಿಲ್ಲದೆ ಸಿಗುವ, ಮೂಲ ಸಂಕೇತ ಎಲ್ಲರಿಗೂ ತೆರೆದಿರುವ ಕಚೇರಿ ತಂತ್ರಾಂಶ. ಅದರ ಹಿಂದೆ 2014ರಲ್ಲಿ ಶುರುವಾದ ‘ಡಾಕ್ಯುಮೆಂಟ್ ಲಿಬರೇಷನ್ ಪ್ರಾಜೆಕ್ಟ್’ ಎಂಬ ಯೋಜನೆ ಇದೆ. ಹೆಸರೇ ಹೇಳುವಂತೆ ಇವರ ಕೆಲಸ ದಾಖಲೆಗಳ ಬಿಡುಗಡೆ. ಮಾಲೀಕರು ಕೈಬಿಟ್ಟ, ಒಳಗಿನ ರಚನೆ ಹೇಳದೆ ಹೋದ ಹಳೆಯ ಫೈಲುಗಳನ್ನು ಒಂದೊಂದೇ ಬೈಟ್ ನೋಡಿ, ಇದು ಶೀರ್ಷಿಕೆ ಇರಬೇಕು, ಇದು ಪುಟದ ಅಗಲ ಇರಬೇಕು ಎಂದು ಊಹಿಸಿ, ಓದುವ ದಾರಿ ಬರೆದಿಡುತ್ತಾರೆ. ಕನ್ನಡ ಅಂದರೆ ಏನೆಂದೇ ತಿಳಿಯದ ಯಾರೋ ಮಾಡಿದ ಆ ಕೆಲಸದಿಂದ ನಮ್ಮ ಸಂಚಿಕೆಯ ಪುಟಗಳು ಪರದೆಯ ಮೇಲೆ ಬಂದವು.

ನಂತರ ವೇಷ ಕಳಚಿ ನಿಜರೂಪ ಕೊಡುವ ಕೆಲಸ. ಹಳೆಯ ಫಾಂಟಿನ ಅಕ್ಷರಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ನಮ್ಮ ಕನ್ನಡದ ಹುಡುಗರೇ ಬರೆದು ಮುಕ್ತವಾಗಿ ಇಟ್ಟಿದ್ದಾರೆ. ಅವು ನೂರಕ್ಕೆ ನೂರು ಸರಿ ಇರುವುದಿಲ್ಲ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಬರುತ್ತಿತ್ತು, ಯೂನಿಕೋಡಿನಲ್ಲಿ ಮೊದಲೇ ಬರಬೇಕು. ಅಲ್ಲಿ ಎಡವಿದರೆ “ಕಾರ್ಯಕ್ರಮ” ಹೋಗಿ “ಕಾಯರ್ಕ್ರಮ” ಆಗುತ್ತದೆ. ಆದರೆ ಮೂಲ ಸಂಕೇತ ಕಣ್ಣೆದುರು ಇತ್ತು. ನಮ್ಮ ಫೈಲಿಗೆ ಬೇಕಾದ ನಾಲ್ಕಾರು ಸಾಲು ನಾನೇ ತಿದ್ದಿಕೊಂಡೆ. ಯಾರಿಗೂ ಅರ್ಜಿ ಹಾಕಲಿಲ್ಲ, ಯಾರ ಉತ್ತರಕ್ಕೂ ಕಾಯಲಿಲ್ಲ. ಆಮೇಲೆ ಐದು ಭಾನುವಾರ ಸಂಘದ ಎಂಟು ಜನ ಕೂತು, ಚಹಾ ಮತ್ತು ಚೂಡಾದ ಬಲದಿಂದ, ಕರಡು ತಿದ್ದಿದೆವು.

ಉಳಿದ ಎರಡು, 1999 ಮತ್ತು 2000ರವು. ಅವು ಒಂದು ಖಾಸಗಿ ಡಿಟಿಪಿ ಪ್ಯಾಕೇಜಿನಲ್ಲಿ ಇದ್ದವು. ಅದು ನಡೆಯಬೇಕಾದರೆ ಕಂಪ್ಯೂಟರಿನ ಹಿಂಭಾಗಕ್ಕೆ ಹೆಬ್ಬೆರಳಿನಷ್ಟು ದೊಡ್ಡ ಒಂದು ‘ಲಾಕ್’ ಚುಚ್ಚಬೇಕಿತ್ತು, ಡಾಂಗಲ್ ಎನ್ನುತ್ತಿದ್ದರು. ಆ ಪ್ರೆಸ್ ಮುಚ್ಚಿತು. ಡಾಂಗಲ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಆ ಫಾಂಟಿನ ಸಂಖ್ಯೆಗಳ ಪಟ್ಟಿ ಹೊರಗೆ ಎಲ್ಲೂ ಸಿಗಲಿಲ್ಲ. 1999ರ ಅಚ್ಚುಪ್ರತಿ ಒಬ್ಬ ಸದಸ್ಯರ ಮನೆಯಲ್ಲಿ ಸಿಕ್ಕಿತು. ಅದನ್ನು ಸ್ಕ್ಯಾನ್ ಮಾಡಿ, 2005ರಿಂದ ಮುಕ್ತವಾಗಿರುವ ಟೆಸೆರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶದಿಂದ ಪಠ್ಯ ತೆಗೆದೆವು. 2000ರ ಸಂಚಿಕೆ ಇವತ್ತಿಗೂ ತೆರೆದಿಲ್ಲ. ಅದರಲ್ಲಿ ಏನಿತ್ತು ಎಂದು ಪೂರ್ತಿಯಾಗಿ ಹೇಳಬಲ್ಲವರೂ ಯಾರೂ ಇಲ್ಲ.

ಬರೆದವರು ನಮ್ಮವರು, ಅಚ್ಚಿಗೆ ದುಡ್ಡು ಕೊಟ್ಟವರು ನಮ್ಮವರು, ಸಿಡಿ ಕೂಡ ನಮ್ಮದೇ. ಬೀಗ ಮಾತ್ರ ಬೇರೆಯವರದು.

ಬಿಟ್ಟಿಯಲ್ಲ, ಬಿಡುಗಡೆ

ಮುಕ್ತ ತಂತ್ರಾಂಶದ ಬಗ್ಗೆ ಮಾತೆತ್ತಿದರೆ “ಫ್ರೀಯಾಗಿ ಸಿಗುತ್ತೆ ಅಲ್ವಾ” ಎನ್ನುವವರೇ ಹೆಚ್ಚು. ಇಂಗ್ಲಿಷಿನ ‘ಫ್ರೀ’ ಎಂಬ ಪದಕ್ಕೆ ಎರಡು ಅರ್ಥ ಇರುವುದರಿಂದ ಆದ ಗೊಂದಲ ಇದು. ನಮ್ಮಲ್ಲಿ ಬಿಟ್ಟಿ ಬೇರೆ, ಬಿಡುಗಡೆ ಬೇರೆ. ಈ ಚಳವಳಿಗೆ ಬೇಕಾದ ಪದ ಎರಡನೆಯದು.

ಇದರ ಹಿಂದಿನ ಕಥೆಯೂ ಒಂದು ಪ್ರಿಂಟರಿನಿಂದ ಶುರುವಾಗುತ್ತದೆ. ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬ ಪ್ರೋಗ್ರಾಮರ್ ಇದ್ದ. ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡರೆ ಕಾಯುತ್ತಿರುವವರ ಪರದೆಗೆ ಸೂಚನೆ ಹೋಗುವಂತೆ ಆತ ಅದರ ತಂತ್ರಾಂಶವನ್ನು ತಿದ್ದಿಕೊಂಡಿದ್ದ. ಹೊಸ ಲೇಸರ್ ಪ್ರಿಂಟರ್ ಬಂತು, ಆದರೆ ಅದರ ಮೂಲ ಸಂಕೇತ ಬರಲಿಲ್ಲ. ಅದು ಇದ್ದ ಇನ್ನೊಬ್ಬರ ಬಳಿ ಹೋಗಿ ಕೇಳಿದರೆ, ಯಾರಿಗೂ ಕೊಡುವುದಿಲ್ಲ ಎಂದು ಕಂಪನಿಗೆ ಬರೆದುಕೊಟ್ಟಿದ್ದೇನೆ ಎಂದರು. ತಿದ್ದಲು ಗೊತ್ತಿದೆ, ತಿದ್ದುವ ಮನಸ್ಸಿದೆ, ಆದರೆ ಹಕ್ಕಿಲ್ಲ. ಆತ 1983ರಲ್ಲಿ ಗ್ನೂ ಯೋಜನೆ ಘೋಷಿಸಿದ. ಬಳಸುವ, ಒಳಗೆ ನೋಡಿ ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ, ಈ ನಾಲ್ಕು ಸ್ವಾತಂತ್ರ್ಯಗಳು ಅದರ ಬುನಾದಿ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಅದರ ಜೊತೆ ಸೇರಿತು. ಇವತ್ತು ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಅದೇ ಲಿನಕ್ಸಿನ ತಿರುಳು.

ನಮ್ಮಲ್ಲೂ ಇಂಥವರಿದ್ದಾರೆ. ಕೆ. ಪಿ. ರಾಯರು ಧ್ವನಿಯ ತರ್ಕದಿಂದ ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸ ಇವತ್ತು ಲಕ್ಷಾಂತರ ಬೆರಳುಗಳಿಗೆ ಅಭ್ಯಾಸವಾಗಿದೆ, ನನ್ನ ಬೆರಳಿಗೂ. ಅದನ್ನು ಅವರು ಎಲ್ಲರ ಬಳಕೆಗೆ ಬಿಟ್ಟರು. ವಿ. ಕೃಷ್ಣ ಎಂಬುವರು ದಶಕಗಳ ಕಾಲ ಒಬ್ಬರೇ ಕೂತು ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಕಟ್ಟಿದರು. ‘ಅಲರ್’ ಎಂಬ ಹೆಸರಿನಲ್ಲಿ 2019ರಲ್ಲಿ ಅದರ ಇಡೀ ದತ್ತಾಂಶ ಮುಕ್ತ ಪರವಾನಗಿಯಡಿ ಬಂತು. ಅದನ್ನು ಇಟ್ಟುಕೊಂಡು ಯಾರು ಬೇಕಾದರೂ ಹೊಸ ಆ್ಯಪ್ ಮಾಡಬಹುದು. ಮುಂದೆ ಆ ವೆಬ್‌ಸೈಟ್ ಮುಚ್ಚಿದರೂ ನಿಘಂಟು ಸಾಯುವುದಿಲ್ಲ. ಮುಕ್ತ ಎಂದರೆ ನನಗೆ ಮುಖ್ಯವಾಗಿ ಇಷ್ಟೇ. ಮಾಡಿದವರು ಅಂಗಡಿ ಮುಚ್ಚಿದ ಮೇಲೂ ಮಾಡಿದ್ದು ಉಳಿಯುತ್ತದೆಯೇ?

ಹಾಗೆಂದು ಇದನ್ನು ರಾಮರಾಜ್ಯ ಎಂದು ಬಣ್ಣಿಸಲಾರೆ. ನಮ್ಮ ಐಟಿ ಕಂಪನಿಗಳು ನೂರಾರು ಮುಕ್ತ ತಂತ್ರಾಂಶಗಳ ಮೇಲೆ ಕೋಟಿಗಟ್ಟಲೆ ವ್ಯವಹಾರ ಕಟ್ಟುತ್ತವೆ. ಬರೆದವರಿಗೆ ಒಂದು ಧನ್ಯವಾದದ ಮೇಲ್ ಕೂಡ ಹೋಗುವುದಿಲ್ಲ. 2024ರಲ್ಲಿ ಎಕ್ಸ್‌ಜೆಡ್ ಎಂಬ ಸಣ್ಣ, ಆದರೆ ಎಲ್ಲೆಡೆ ಇರುವ ತಂತ್ರಾಂಶದಲ್ಲಿ ಕಳ್ಳಬಾಗಿಲು ಸಿಕ್ಕಿತು. ಅದನ್ನು ಬಹುತೇಕ ಒಬ್ಬಂಟಿಯಾಗಿ ನೋಡಿಕೊಳ್ಳುತ್ತಿದ್ದ ದಣಿದ ಸ್ವಯಂಸೇವಕನ ವಿಶ್ವಾಸವನ್ನು, ಸಹಾಯ ಮಾಡುವ ಸೋಗಿನಲ್ಲಿ ಬಂದ ಯಾರೋ ಎರಡು ವರ್ಷ ತಾಳ್ಮೆಯಿಂದ ಗಳಿಸಿ ಅದನ್ನು ತೂರಿಸಿದ್ದರು. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ತಲೆ ಕೆರೆದುಕೊಂಡದ್ದರಿಂದ ಸಿಕ್ಕಿಬಿತ್ತು. ಒಳಗೆ ನೋಡುವ ಹಕ್ಕಿದ್ದುದರಿಂದ ಆತ ನೋಡಿದ. ಆದರೆ ನೋಡುವವರು ಇರಬೇಕಲ್ಲ? ಊರ ಕೆರೆ ಎಲ್ಲರದೂ, ಹೂಳೆತ್ತುವವರು ಮಾತ್ರ ಯಾರೂ ಇಲ್ಲ ಎಂಬ ನಮ್ಮ ಹಳೆಯ ಕಥೆಯೇ ಇದು.

ಕೊಂಡ ಹಾಡು ಎಲ್ಲಿ ಹೋಯಿತು?

ತಂತ್ರಾಂಶದ ಬೀಗ ಇಂಥದಾದರೆ, ಹಾಡು ಪುಸ್ತಕಗಳ ಬೀಗ ಇನ್ನೂ ವಿಚಿತ್ರ. ಕೆಲವು ವರ್ಷಗಳ ಹಿಂದೆ ಅಮ್ಮನಿಗಾಗಿ ಒಂದು ಆ್ಯಪಿನಲ್ಲಿ ಸುಮಾರು 60 ಭಾವಗೀತೆಗಳನ್ನು ದುಡ್ಡು ಕೊಟ್ಟು ಕೊಂಡಿದ್ದೆ. ‘ಖರೀದಿಸಿ’ ಎಂಬ ಗುಂಡಿ ಒತ್ತಿ ಕೊಂಡದ್ದು, ಬಾಡಿಗೆಗಲ್ಲ. ಒಂದು ದಿನ ಸೇವೆ ನಿಲ್ಲಿಸುತ್ತಿದ್ದೇವೆ ಎಂಬ ಮೇಲ್ ಬಂತು. ಹಾಡುಗಳು ಫೋನಿನಲ್ಲೇ ಇದ್ದವು, ಆದರೆ ಆ ಆ್ಯಪ್ ಬಿಟ್ಟು ಬೇರೆಲ್ಲೂ ನುಡಿಯದಂತೆ ಬೀಗ ಹಾಕಿದ್ದರು. ಆ್ಯಪ್ ಹೋಯಿತು, ಹಾಡೂ ಹೋಯಿತು. ತಮಾಷೆ ಎಂದರೆ, 1978ರಲ್ಲಿ ಬಂದ ‘ನಿತ್ಯೋತ್ಸವ’ದ ಕ್ಯಾಸೆಟ್ ತುಮಕೂರಿನ ನಮ್ಮ ಮನೆಯಲ್ಲಿ ಇನ್ನೂ ಇದೆ. ಸ್ವಲ್ಪ ಗೊರಗೊರ ಎನ್ನುತ್ತದೆ, ಆದರೆ ಹಾಡುತ್ತದೆ. ಅದನ್ನು ಅಪ್ಪ ಪಕ್ಕದ ಮನೆಗೆ ಎರವಲು ಕೊಟ್ಟಿದ್ದರು, ವಾಪಸು ಕೂಡ ಬಂದಿತ್ತು.

ಇದು ನನ್ನೊಬ್ಬನ ಗೋಳಲ್ಲ. 2009ರ ಜುಲೈನಲ್ಲಿ ಅಮೆಜಾನ್ ತನ್ನ ಕಿಂಡಲ್ ಗ್ರಾಹಕರು ಕೊಂಡಿದ್ದ ಕೆಲವು ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಮಾರುವ ಹಕ್ಕಿರಲಿಲ್ಲ ಎಂಬುದು ಕಾರಣ. ಅಳಿಸಿದ್ದು ಯಾವ ಪುಸ್ತಕ? ಜಾರ್ಜ್ ಆರ್ವೆಲ್‌ನ ‘1984’. ಹಣ ಮರಳಿಸಿದರು, ಜೆಫ್ ಬೆಜೋಸ್ ಕ್ಷಮೆ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗಲೂ ಹಣ ಬಂತು, ಪುಸ್ತಕಗಳು ಹೋದವು. ಮನೆಯ ಕಪಾಟಿನಿಂದ ಪುಸ್ತಕ ಎತ್ತಿಕೊಂಡು ಹೋಗಿ, ಟೇಬಲ್ ಮೇಲೆ ದುಡ್ಡು ಇಟ್ಟು ಹೋದರೆ ಅದಕ್ಕೆ ನಾವು ಏನೆನ್ನುತ್ತೇವೆ?

ನಮ್ಮ ದೇಶದ ಕಾನೂನು ಇದರಲ್ಲಿ ಪರವಾಗಿಲ್ಲ ಎನ್ನಬಹುದು. 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯಿದೆಗೆ 65ಎ ಕಲಂ ಸೇರಿತು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಒಡೆದರೆ ಎರಡು ವರ್ಷದವರೆಗೆ ಸೆರೆ, ದಂಡ. ಆದರೆ ಕಾಯಿದೆ ನಿಷೇಧಿಸದ ಉದ್ದೇಶಕ್ಕಾದರೆ ಆ ಕಲಂ ಅಡ್ಡ ಬರುವುದಿಲ್ಲ. ಅದೇ ತಿದ್ದುಪಡಿ, ಅಂಗವಿಕಲರು ಓದಬಲ್ಲ ರೂಪಕ್ಕೆ ಕೃತಿಯನ್ನು ಬದಲಿಸಲು ಅವಕಾಶ ಕೊಟ್ಟಿತು. ದೃಷ್ಟಿ ಇಲ್ಲದವರ ಓದಿಗಾಗಿ ಆದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಪುಸ್ತಕಕ್ಕೆ ಬೀಗ ಹಾಕಿದಾಗ ಮೊದಲು ಹೊರಗುಳಿಯುವವರು, ಪರದೆಯ ಪಠ್ಯವನ್ನು ಯಂತ್ರದಿಂದ ಓದಿಸಿಕೊಳ್ಳುವ ಇಂಥ ಓದುಗರು. ಅವರನ್ನು ನೆನೆದರೆ ಇದು ಬರೀ ನನ್ನಂಥವರ ಹವ್ಯಾಸದ ವಾದವಲ್ಲ ಎಂದು ತಿಳಿಯುತ್ತದೆ.

ಕಾನೂನು ಏನೇ ಹೇಳಲಿ, ದಿನನಿತ್ಯದ ತೀರ್ಪು ಕೊಡುವುದು ಯಂತ್ರ. ನಮ್ಮ ರಾಜ್ಯೋತ್ಸವದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಪುರಂದರದಾಸರ ಕೀರ್ತನೆ ಹಾಡಿದಳು. ತಂಬೂರಿ ಬಿಟ್ಟರೆ ಬೇರೆ ವಾದ್ಯ ಇರಲಿಲ್ಲ. ವಿಡಿಯೊ ಹಾಕಿದ ಎರಡನೆಯ ದಿನವೇ ಹಾಡಿನ ಭಾಗಕ್ಕೆ ಶಬ್ದ ಬಂದ್. ಯಾವುದೋ ಧ್ವನಿಮುದ್ರಣ ಕಂಪನಿಯ ಸೊತ್ತು ಇದು ಎಂದು ಯಂತ್ರ ತೀರ್ಮಾನಿಸಿತ್ತು. ದಾಸರು ತೀರಿಕೊಂಡದ್ದು 1564ರಲ್ಲಿ. ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷ. ಲೆಕ್ಕ ನೀವೇ ಹಾಕಿ. ಆಕ್ಷೇಪಣೆ ಸಲ್ಲಿಸಿ ಶಬ್ದ ವಾಪಸು ಬರಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಊರಿನ ಅಜ್ಜಿ, ಮೊಮ್ಮಗಳು ಬಾಯಿ ಆಡಿಸುವುದನ್ನಷ್ಟೇ ನೋಡಿ ಸುಮ್ಮನಾಗಿದ್ದರು.

ತಪ್ಪು ನಮ್ಮದೂ ಇತ್ತು

ಇಷ್ಟೆಲ್ಲ ಭಾಷಣವನ್ನು ಸಮಿತಿ ಸಭೆಯಲ್ಲಿ ಮಾಡಿ ಮುಗಿಸಿದಾಗ ಹಿರಿಯ ಸದಸ್ಯೆಯೊಬ್ಬರು ತಣ್ಣಗೆ ಕೇಳಿದರು. “ಅದೆಲ್ಲ ಸರಿ. ಈ ಒಂಬತ್ತು ಸಂಚಿಕೆಗಳನ್ನು ನಾಳೆ ವೆಬ್‌ಸೈಟಿಗೆ ಹಾಕುತ್ತೀರಲ್ಲ, ಬರೆದವರನ್ನು ಕೇಳಿದ್ದೀರಾ?”

ನಾನು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ. ಸ್ಮರಣ ಸಂಚಿಕೆಗೆ ಲೇಖನ ಕೊಟ್ಟವರು ಸಂಘಕ್ಕೆ ಅದನ್ನು ಒಮ್ಮೆ ಅಚ್ಚು ಹಾಕಲು ಕೊಟ್ಟಿದ್ದರೇ ಹೊರತು ಬರೆದುಕೊಟ್ಟಿರಲಿಲ್ಲ. ಕೃತಿಸ್ವಾಮ್ಯ ಅವರದೇ. ಕಂಪನಿಗಳು ನನ್ನ ಹಕ್ಕನ್ನು ಕಾಣುವುದಿಲ್ಲ ಎಂದು ಕೂಗುತ್ತಿದ್ದ ನಾನು, ನಮ್ಮದೇ ಲೇಖಕರ ಹಕ್ಕನ್ನು ಕಂಡಿರಲಿಲ್ಲ.

ಮುಕ್ತ ಎಂದರೆ ಕೇಳದೆ ತೆಗೆದುಕೊಳ್ಳುವುದಲ್ಲ. ಹೊಸ ಕನ್ನಡ ಕಾದಂಬರಿ ಬಿಡುಗಡೆಯಾದ ವಾರದಲ್ಲೇ ಅದರ ಪಿಡಿಎಫ್ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ, ಕೆಳಗೆ ಕೈಮುಗಿದ ಚಿಹ್ನೆಗಳು. ಕಳಿಸಿದವರು ಅದನ್ನು ಕನ್ನಡ ಸೇವೆ ಎಂದುಕೊಂಡಿರುತ್ತಾರೆ. ಅದು ಕನ್ನಡದ ಲೇಖಕನ, ಸಣ್ಣ ಪ್ರಕಾಶಕನ ಜೇಬಿಗೆ ಕೈ ಹಾಕುವ ಕೆಲಸ. ಬೀಗ ಬೇಡ ಎಂದು ವಾದಿಸುವ ನನ್ನಂಥವನಿಗೆ, ಕೊಂಡು ಓದುವ ಜವಾಬ್ದಾರಿ ಉಳಿದವರಿಗಿಂತ ಜಾಸ್ತಿ. ಬೀಗ ಕಳ್ಳನನ್ನು ತಡೆಯುವುದಿಲ್ಲ, ಆತ ಮೊದಲ ದಿನವೇ ಒಡೆದಿರುತ್ತಾನೆ. ಪೇಚಿಗೆ ಸಿಲುಕುವವನು ದುಡ್ಡು ಕೊಟ್ಟು ಕೊಂಡವನೇ. ಆದರೆ ಈ ಮಾತನ್ನು ಹೇಳುವ ಯೋಗ್ಯತೆ ಇರುವುದೂ ದುಡ್ಡು ಕೊಟ್ಟು ಕೊಂಡವನಿಗೇ.

ಹಾಗಾಗಿ ಪಟ್ಟಿ ಮಾಡಿದೆವು. ಒಂಬತ್ತು ಸಂಚಿಕೆ, 140ಕ್ಕೂ ಹೆಚ್ಚು ಬರಹ, 83 ಜನ ಬರೆದವರು. ಒಬ್ಬೊಬ್ಬರಿಗೂ ಪತ್ರ, ಫೋನು, ಊರಿನ ವಿಳಾಸ. ಬಹಳ ಜನ ಸಂತೋಷದಿಂದ ಒಪ್ಪಿದರು. ಕೆಲವರು ತೀರಿಕೊಂಡಿದ್ದರು, ಮಕ್ಕಳು ಒಪ್ಪಿಗೆ ಕೊಟ್ಟರು. ಒಬ್ಬ ಕವಿ “ಆಗಿನ ಪದ್ಯಗಳು ಈಗ ನನಗೇ ನಾಚಿಕೆ, ದಯವಿಟ್ಟು ಬೇಡ” ಎಂದರು; ಬಿಟ್ಟೆವು. ಹನ್ನೆರಡು ಜನರ ಸುಳಿವೇ ಸಿಗಲಿಲ್ಲ. ಅವರ ಬರಹಗಳ ಶೀರ್ಷಿಕೆ ಮಾತ್ರ ಸೂಚಿಯಲ್ಲಿದೆ, ಬರಹ ಇಲ್ಲ. 2004ರಲ್ಲಿ ಒಂದು ಸಾಲಿನ ಚೀಟಿಗೆ ಸಹಿ ತೆಗೆದುಕೊಂಡಿದ್ದರೆ ಈ ನಾಲ್ಕು ತಿಂಗಳ ಓಡಾಟ ಇರುತ್ತಿರಲಿಲ್ಲ.

ಆಗ ನನಗೆ ಹೊಳೆದದ್ದು ಇದು. ಮುಕ್ತತೆ ತಾನಾಗಿ ಆಗುವುದಿಲ್ಲ. ಕಾಲಕ್ಕೆ ಸರಿಯಾಗಿ ಯಾರೋ ಒಬ್ಬರು ಕೂತು ಬರೆದಿಡಬೇಕು, ಉಯಿಲಿನ ಹಾಗೆ. 2002ರಲ್ಲಿ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಮಾಡುವುದೂ ಅದನ್ನೇ. ನನ್ನ ಹೆಸರು ಹಾಕಿ ಹಂಚಿ, ಅಥವಾ ವ್ಯಾಪಾರಕ್ಕೆ ಬೇಡ, ಅಥವಾ ನೀವು ಬದಲಿಸಿದರೆ ಅದನ್ನೂ ಹೀಗೇ ಮುಕ್ತವಾಗಿಡಿ ಎಂದು ಮೊದಲೇ ಹೇಳಿಬಿಡುವುದು. ನಿರಂಜನರ ಕೃತಿಗಳನ್ನು ಅವರ ಕುಟುಂಬ 2014ರಲ್ಲಿ ಇಂಥ ಪರವಾನಗಿಯಡಿ ಬಿಡುಗಡೆ ಮಾಡಿತು. ಹಾಗೆ ಮಾಡದಿದ್ದರೆ ಕಾಯಬೇಕು. ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು, ಅವರ ಬರಹ 2024ರ ಜನವರಿ 1ರಂದು ಎಲ್ಲರದಾಯಿತು. 1975ರಲ್ಲಿ ತೀರಿಕೊಂಡ ಡಿವಿಜಿಯವರದು 2036ರಲ್ಲಿ. ದೊಡ್ಡವರ ಬರಹ ಕಾದು ಕೂರಬಹುದು, ಮತ್ತೆ ಮತ್ತೆ ಅಚ್ಚಾಗುತ್ತಿರುತ್ತದೆ. ಹೋಟೆಲಿನಲ್ಲಿ ಲೋಟ ತೊಳೆದವರ ನೆನಪುಗಳಿಗೆ ಅಷ್ಟು ಪುರುಸೊತ್ತಿಲ್ಲ.

ನಿಮ್ಮ ಸಂಘದ ಮಿಠಾಯಿ ಡಬ್ಬಿ

ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿ, ಎಲ್ಲ ಕಡೆಯ ಸಂಘಗಳಲ್ಲೂ ಇಂಥ ಒಂದು ಡಬ್ಬಿ ಇರುತ್ತದೆ. ಈ ವಾರವೇ ಅದನ್ನು ಕೆಳಗಿಳಿಸಿ. ಸಿಡಿಗಳಿಗೂ ಆಯಸ್ಸಿದೆ, ಮೊದಲು ನಕಲು ಮಾಡಿ, ಮೂಲವನ್ನು ಎಸೆಯಬೇಡಿ. ಹೊಸ ಸಂಚಿಕೆಯನ್ನು ಯೂನಿಕೋಡಿನಲ್ಲೇ ಮಾಡಿಸಿ. ಮುದ್ರಕರಿಂದ ಪಿಡಿಎಫ್ ಮಾತ್ರ ಪಡೆದು ಸುಮ್ಮನಾಗಬೇಡಿ, ಬರೀ ಪಠ್ಯದ ಫೈಲನ್ನೂ ಕೇಳಿ ಪಡೆಯಿರಿ, ಒಪ್ಪಂದದಲ್ಲೇ ಬರೆಸಿ. ಲೇಖನ ತರಿಸಿಕೊಳ್ಳುವಾಗಲೇ ಒಂದು ಸಾಲಿನ ಒಪ್ಪಿಗೆ ತೆಗೆದುಕೊಳ್ಳಿ. ಹಾಡು, ಪುಸ್ತಕ ಕೊಳ್ಳುವಾಗ ಬೀಗವಿಲ್ಲದ ಫೈಲು ಕೊಡುವವರು ಸಿಕ್ಕರೆ ಅವರಲ್ಲೇ ಕೊಳ್ಳಿ. ನಮ್ಮಂಥ ಐಟಿಯವರು ಇನ್ನೂ ಒಂದು ಹೆಜ್ಜೆ ಇಡಬಹುದು, ವರ್ಷಕ್ಕೆ ಎರಡು ಭಾನುವಾರ ಯಾವುದಾದರೂ ಕನ್ನಡದ ಮುಕ್ತ ತಂತ್ರಾಂಶದ ದೋಷ ತಿದ್ದಲು. ಪರಿವರ್ತಕದಲ್ಲಿ ನಾನು ತಿದ್ದಿದ ಆ ನಾಲ್ಕಾರು ಸಾಲುಗಳನ್ನು ಅದನ್ನು ಬರೆದವರಿಗೆ ಕಳಿಸಿಕೊಟ್ಟೆ, ಸೇರಿಸಿಕೊಂಡರು.

ಸುವರ್ಣ ಸಂಪುಟ ನವೆಂಬರಿನಲ್ಲಿ ಬಂತು. ಹೋಟೆಲಿನ ಆ ಹಿರಿಯರ ಸಂದರ್ಶನ ಅದರಲ್ಲಿದೆ. ಒಂದು ಪ್ರತಿಯನ್ನು ಬೆಂಗಳೂರಿಗೆ ಅಂಚೆಯಲ್ಲಿ ಕಳಿಸಿದ ಮೇಲೆ ಮಗಳು ಫೋನ್ ಮಾಡಿದರು. ತುಂಬ ಹೊತ್ತು ಮಾತಾಡಿದರು. ಪೊಟ್ಟಣದ ಪೇಪರ್ ಓದುತ್ತಿದ್ದ ವಿಷಯ ಅಪ್ಪ ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲವಂತೆ. ಫೋನ್ ಇಡುವ ಮೊದಲು ಸ್ವಲ್ಪ ಸಂಕೋಚದಿಂದ ಹೇಳಿದರು, “ಒಂದು ತಪ್ಪಿದೆ. ನಮ್ಮ ಊರಿನ ಹೆಸರು ಕಕುರ್ಂಜೆ ಎಂದು ಬಿದ್ದಿದೆ. ಅದು ಕರ್ಕುಂಜೆ.”

ಅದೇ ಅರ್ಕಾವತ್ತು. ಎಂಟು ಜನರ ಕಣ್ಣು ತಪ್ಪಿಸಿಕೊಂಡು ಹೋಗಿತ್ತು. ಪುಸ್ತಕದಲ್ಲಿ ಅಚ್ಚಾದದ್ದಕ್ಕೆ ಏನೂ ಮಾಡುವಂತಿಲ್ಲ. ವೆಬ್‌ಸೈಟಿನ ಪ್ರತಿಯನ್ನು ಅವರು ಫೋನಿನಲ್ಲಿ ಇರುವಾಗಲೇ ತಿದ್ದಿದೆ.